ತೊಂಬತ್ತು ರೂಪಾಯಿ ಸೀಲು, ಮೂರು ಸಲ ಬೋರು

ಗಾಡಿ 1993ರ ಯಮಹಾ ಆರ್‌ಎಕ್ಸ್ 100, ಟು ಸ್ಟ್ರೋಕ್ ಬೈಕು. ಅಪ್ಪನದು. ಗುಬ್ಬಿ ಹತ್ತಿರ ನಮ್ಮ ತೋಟದ ಮನೆ ಶೆಡ್ಡಿನಲ್ಲಿ ಎರಡು ವರ್ಷ ಅಡಿಕೆ ಚೀಲಗಳ ಪಕ್ಕ ಸುಮ್ನೆ ನಿಂತಿತ್ತು. ಹೋದ ನವೆಂಬರ್‌ನಲ್ಲಿ ಹೊರಗೆ ತಳ್ಳಿಕೊಂಡು ಬಂದೆ. ಟ್ಯಾಂಕ್ ತೊಳೆದೆ, ಕಾರ್ಬೊರೇಟರ್ ಬಿಚ್ಚಿ ಊದಿದೆ, ಹೊಸ ಪ್ಲಗ್ ಹಾಕಿದೆ. ಹತ್ತನೇ ಕಿಕ್ಕಿಗೋ ಹನ್ನೊಂದನೇ ಕಿಕ್ಕಿಗೋ ಸ್ಟಾರ್ಟ್ ಆಯ್ತು. ಅಂಗಳದ ತುಂಬ ಹೊಗೆ. ಇನ್ನು ಸೊಳ್ಳೆಬತ್ತಿ ದುಡ್ಡು ಉಳಿಯಿತು ಅಂದರು ಅಮ್ಮ.

ಒಂದು ವಿಷಯ ಮಾತ್ರ ಸರಿ ಇರಲಿಲ್ಲ. ರೈಸ್, ಅಂದ್ರೆ ಆಕ್ಸಿಲರೇಟರ್, ಬಿಟ್ಟರೆ ಇಂಜಿನ್ ತಕ್ಷಣ ಇಳಿಯುತ್ತಿರಲಿಲ್ಲ. ಒಂದೆರಡು ಸೆಕೆಂಡ್ ಮೇಲೇ ಕೂಗಿಕೊಂಡು ನಿಂತು, ಆಮೇಲೆ ನಿಧಾನಕ್ಕೆ ಕೆಳಗೆ ಬರುತ್ತಿತ್ತು. ಕೇಬಲ್ ಒಣಗಿ ಹಿಡಿಯುತ್ತಿದೆ ಅಂದುಕೊಂಡು ಎಣ್ಣೆ ಬಿಟ್ಟೆ. ಹಾಗೇ ಇತ್ತು. ಐಡಲ್ ಸ್ಕ್ರೂ ಸ್ವಲ್ಪ ಕಮ್ಮಿ ಮಾಡಿ ಸರಿ ಹೋಯ್ತು ಅಂತ ನನಗೆ ನಾನೇ ಹೇಳಿಕೊಂಡೆ. ಆ ಎರಡು ಸೆಕೆಂಡ್ ಕೂಗು ಇಡೀ ರೋಗವನ್ನೇ ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ ಅಷ್ಟೇ.

ಮೂರನೇ ದಿನ ಬಿ.ಎಚ್. ರಸ್ತೆ ಹಿಡಿದು ತುಮಕೂರಿಗೆ ಹೊರಟೆ. ಗಾಡಿ ಚೆನ್ನಾಗಿ ಎಳೆಯುತ್ತಿತ್ತು, ನನಗೂ ಹುಮ್ಮಸ್ಸು, ಅರವತ್ತು ಎಪ್ಪತ್ತರಲ್ಲಿ ಹೋಗುತ್ತಿದ್ದೆ. ಹೆಗ್ಗೆರೆ ಇನ್ನೂ ದೂರ ಇದೆ ಅನ್ನುವಾಗ ಇಂಜಿನ್ ಸದ್ದು ಸಣ್ಣಗೆ ಬದಲಾಯ್ತು, ಯಾರೋ ಹಿಂದಿನಿಂದ ಎಳೆದು ಹಿಡಿದ ಹಾಗಾಯ್ತು, ಹಿಂದಿನ ಚಕ್ರ ಕಿರ್ರ್ ಅಂತು. ಸೀಜ್, ಅಂದ್ರೆ ಒಳಗೆ ಪಿಸ್ಟನ್ ಜಾಮ್. ಕ್ಲಚ್ ಮೇಲೆ ಬೆರಳು ಇಟ್ಟೇ ಓಡಿಸುವ ಹಳೇ ಅಭ್ಯಾಸ ಇತ್ತು, ಆದ್ದರಿಂದ ಬೀಳಲಿಲ್ಲ. ಟು ಸ್ಟ್ರೋಕ್ ಓಡಿಸಿದವರಿಗೆ ಈ ಅಭ್ಯಾಸ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ನಿಮಿಷ ಹುಣಸೆ ಮರದ ಕೆಳಗೆ ನಿಲ್ಲಿಸಿದೆ. ಕಿಕ್ಕರ್ ಮತ್ತೆ ಇಳಿಯಿತು, ಆದ್ರೆ ಗರಗರ ಅಂತಿತ್ತು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ವಾಪಸ್.

ಮೊದಲ ಭಾನುವಾರ

ಸೈಲೆನ್ಸರ್, ಕಾರ್ಬೊರೇಟರ್, ಹೆಡ್ಡಿನ ನಾಲ್ಕು ನಟ್ಟು. ಅರ್ಧ ಗಂಟೆಯಲ್ಲಿ ಸಿಲಿಂಡರ್ ಕೈಗೆ ಬಂತು. ಈ ಇಂಜಿನ್ ಬಗ್ಗೆ ನನಗೆ ಪ್ರೀತಿ ಇರುವುದು ಇದಕ್ಕೇ. ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಮೇಲುಭಾಗ ಪೂರ್ತಿ ಒಂದು ಅಡಿಕೆ ಪುಟ್ಟಿಯಲ್ಲಿ ಹಿಡಿಯುತ್ತೆ.

ಪಿಸ್ಟನ್ನಿನ ಸೈಲೆನ್ಸರ್ ಕಡೆ ಮುಖದಲ್ಲಿ ಉದ್ದಕ್ಕೆ ಗೀರು. ಅಲ್ಯೂಮಿನಿಯಂ ಕರಗಿ ಬೋರಿನ, ಅಂದ್ರೆ ಸಿಲಿಂಡರ್ ಒಳಗಿನ ತೂತಿನ, ಗೋಡೆಗೆ ಮೆತ್ತಿಕೊಂಡಿದೆ. ಮೇಲಿನ ರಿಂಗ್ ಪಿಸ್ಟನ್ ಸುತ್ತಲಿನ ತನ್ನ ಗ್ರೂವ್‌ನಲ್ಲೇ ಸಿಕ್ಕಿಕೊಂಡು ಅಲ್ಲಾಡುತ್ತಿಲ್ಲ. ಪ್ಲಗ್ಗಿನ ಪಿಂಗಾಣಿ ಸುಣ್ಣದ ಹಾಗೆ ಬಿಳಿ. ಬಿಳಿ ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಟು ಸ್ಟ್ರೋಕಿನಲ್ಲಿ ಪೆಟ್ರೋಲ್ ಕಮ್ಮಿ ಆದ್ರೆ ಆಯಿಲ್ಲೂ ಕಮ್ಮಿ, ಯಾಕಂದ್ರೆ ನಾವು ಆಯಿಲ್ ಪಂಪ್ ತೆಗೆಸಿ ಟೂಟಿ ಆಯಿಲ್ (2T, ಟು ಸ್ಟ್ರೋಕಿನ ಆಯಿಲ್) ಪೆಟ್ರೋಲ್ ಟ್ಯಾಂಕಿಗೇ ಬೆರೆಸುತ್ತೇವೆ, ಎರಡೂ ಒಟ್ಟಿಗೇ ಒಳಗೆ ಹೋಗಬೇಕು. ಅಂದ್ರೆ ಬಿಸಿನೂ ಜಾಸ್ತಿ, ಜಾರಿಕೆನೂ ಕಮ್ಮಿ. ಎರಡೂ ಕಡೆಯಿಂದ ಪೆಟ್ಟು.

ಪಿಸ್ಟನ್ ತಲೆ ಮೇಲಿನ ಕರಿ ಕೆರೆದಾಗ 0.50 ಅಂತ ಅಚ್ಚು ಕಂಡಿತು. ಅಂದ್ರೆ ಆಗಲೇ ಎರಡು ಸಲ ಬೋರ್ ಆಗಿದೆ, ಸಲಕ್ಕೆ 0.25 ಎಂಎಂನಂತೆ ಸಿಲಿಂಡರ್ ಒಳಗೋಡೆ ಕೊರೆದು ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಿದ್ದಾರೆ. ಕಂಪನಿಯ ಬೋರ್ 50 ಎಂಎಂ, ಸ್ಟ್ರೋಕೂ 50 ಎಂಎಂ, ಲೆಕ್ಕ ಹಾಕಿದರೆ 98 ಸಿಸಿ ಚಿಲ್ಲರೆ. 0.50 ಬೋರ್ ಆದಾಗ 50.5 ಎಂಎಂ, ಅದು ಸರಿಯಾಗಿ 100 ಸಿಸಿ. ಹೆಸರಿಗೆ ತಕ್ಕ ಗಾಡಿ ಆಗೋಕೆ ಎರಡು ಸಲ ಸೀಜ್ ಆಗಬೇಕಾಯ್ತು ಪಾಪ.

ಅಪ್ಪನ ಹಳೇ ನೋಟ್‌ಬುಕ್ ತೆಗೆದೆ. ಹಾಲಿನ ಲೆಕ್ಕ, ಗೊಬ್ಬರದ ಲೆಕ್ಕ, ನಡುನಡುವೆ ಗಾಡಿ ಲೆಕ್ಕ. 2009ರಲ್ಲಿ ಬೋರ್, ಪಿಸ್ಟನ್. 2016ರಲ್ಲಿ ಬೋರ್, ಪಿಸ್ಟನ್, ಕನೆಕ್ಟಿಂಗ್ ರಾಡ್. ಎರಡೂ ಕಡೆ ಪಕ್ಕದಲ್ಲಿ ಅಪ್ಪನ ಅಕ್ಷರದಲ್ಲಿ ಒಂದೇ ಮಾತು: ‘ಆಯಿಲ್ ಕಮ್ಮಿ ಹಾಕಿದ್ದಕ್ಕೆ ಅಂತೆ.’ ನಮ್ಮಪ್ಪ ಬೆಳೆಗೆ ಔಷಧಿ ಅಳೆಯುವ ಸಿರಿಂಜಿನಲ್ಲಿ ಟೂಟಿ ಆಯಿಲ್ ಅಳೆದು ಹಾಕುತ್ತಿದ್ದವರು. ಅವರು ಕಮ್ಮಿ ಹಾಕೋದಾ? ಅಲ್ಲಿಗೆ ನನಗೆ ಅನುಮಾನ ಶುರುವಾಯ್ತು.

ರಾತ್ರಿ ಚಿಕ್ಕಪ್ಪನ ಮಗ ವಿಡಿಯೋ ಕಾಲ್ ಮಾಡಿದ. ಕೆನಡಾದ ಸಡ್ಬರಿಯಲ್ಲಿದ್ದಾನೆ. ಅಲ್ಲಿ ಚಳಿಗಾಲ ಶುರು, ಅವನದ್ದೂ ಒಂದು ಇಂಜಿನ್ ಬಿಚ್ಚಿ ಗ್ಯಾರೇಜಿನ ಟೇಬಲ್ ಮೇಲೆ ಹರಡಿಕೊಂಡಿದ್ದಾನೆ. ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್. ಮುಂದೆ ಎರಡು ಹಲಗೆ, ಹಿಂದೆ ಟ್ರ್ಯಾಕ್ಟರ್ ಚೈನಿನ ಹಾಗೆ ಸುತ್ತುವ ರಬ್ಬರ್ ಪಟ್ಟಿ, ಮಧ್ಯೆ ಎರಡು ಸಿಲಿಂಡರಿನ ಟು ಸ್ಟ್ರೋಕ್ ಇಂಜಿನ್. ನನ್ನ ಪಿಸ್ಟನ್ ತೋರಿಸಿದೆ, ಅವನು ತನ್ನದು ತೋರಿಸಿದ. ಒಂದೇ ಕಡೆ ಗೀರು. ಅಣ್ಣ ತಮ್ಮ ಇಬ್ಬರ ಹಣೆಬರಹವೂ ಒಂದೇ ಅಂತ ನಕ್ಕೆವು.

‘ಅಣ್ಣ, ಬೋರ್‌ಗೆ ಕೊಡೋಕೆ ಮುಂಚೆ ಲೀಕ್ ಟೆಸ್ಟ್ ಮಾಡು. ನಂದು ರೈಸ್ ಬಿಟ್ರೆ ಇಳೀತಾ ಇರ್ಲಿಲ್ಲ’ ಅಂದ. ನನ್ನ ಮುಖ ನೋಡಿ ‘ನಿಂದೂ ಹಾಗೇ ಇತ್ತಾ?’ ಅಂತ ಕೇಳಿದ.

ಹಿಮದ ಗಾಡಿಯವರು ಈ ವಿಷಯದಲ್ಲಿ ನಮಗಿಂತ ಹುಷಾರು, ಯಾಕಂದ್ರೆ ಪೆಟ್ಟು ದೊಡ್ಡದು. ಅಲ್ಲಿ ಅಂಗಡಿಯಲ್ಲಿ ಕೂಲಿ ಗಂಟೆಗೆ ನೂರು ಡಾಲರ್ ಮೇಲೆ. ಅವನ ಇಂಜಿನ್ ಮೇಲುಭಾಗ ಮಾಡಿಕೊಡೋಕೆ ಹೇಳಿದ್ದು 1,800 ಡಾಲರ್, ನಮ್ಮ ದುಡ್ಡಲ್ಲಿ ಲಕ್ಷದ ಮೇಲೆ. ಅದನ್ನು ಎರಡು ಸಲ ಕೊಡೋ ಧೈರ್ಯ ಯಾರಿಗಿದೆ? ಜೊತೆಗೆ ನಿಂತುಹೋದರೆ ಹುಣಸೆ ಮರ ಇಲ್ಲ, ಗೂಡ್ಸ್ ಆಟೋ ಇಲ್ಲ, ಮೈನಸ್ ಇಪ್ಪತ್ತರಲ್ಲಿ ಕಾಡಿನ ಮಧ್ಯೆ ನಡೆದು ಬರಬೇಕು.

ಅವನು ಹೇಳಿದ ಇನ್ನೊಂದೆರಡು ವಿಷಯ ನನಗೆ ಹೊಸದು. ಲಿಕ್ವಿಡ್ ಕೂಲಿಂಗ್ ಇರುವ ಸ್ನೋಮೊಬೈಲಿಗೆ ಎಷ್ಟೋ ಸಲ ನಮ್ಮ ಕಾರಿನ ತರಹ ರೇಡಿಯೇಟರ್ ಇರೋದಿಲ್ಲ. ಪಟ್ಟಿ ಎರಚುವ ಹಿಮವೇ ಒಳಗಿನ ಕೊಳವೆಗಳಿಗೆ ಬಿದ್ದು ತಣ್ಣಗೆ ಮಾಡಬೇಕು. ಬರೀ ಗಟ್ಟಿ ಮಂಜುಗಡ್ಡೆ ಮೇಲೆ ಓಡಿಸಿದರೆ ಹಿಮ ಹಾರೋದಿಲ್ಲ, ಸುತ್ತ ಮೈನಸ್ ಇಪ್ಪತ್ತು ಇದ್ದರೂ ಇಂಜಿನ್ ಕಾಯುತ್ತೆ! ಇನ್ನೊಂದು, ಚಳಿಯಲ್ಲಿ ಗಾಳಿ ದಟ್ಟ. ನಮ್ಮ ಮೂವತ್ತು ಡಿಗ್ರಿ ಗಾಳಿಗಿಂತ ಮೈನಸ್ ಇಪ್ಪತ್ತೈದರ ಗಾಳಿ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ತೂಕ. ಅದಕ್ಕೆ ತಕ್ಕ ಪೆಟ್ರೋಲ್ ಹೋಗದಿದ್ದರೆ ಬಿಳಿ ಪ್ಲಗ್, ಗೀರು ಬಿದ್ದ ಪಿಸ್ಟನ್. ಆದ್ದರಿಂದ ಕಾರ್ಬೊರೇಟರ್ ಇರುವ ಹಳೇ ಗಾಡಿಗಳಲ್ಲಿ ಚಳಿ ಏರಿದ ಹಾಗೆ ದಪ್ಪ ಜೆಟ್, ಅಂದ್ರೆ ಪೆಟ್ರೋಲ್ ಹೋಗುವ ತೂತು ದೊಡ್ಡದಿರುವ ತಿರುಪು, ಹಾಕುತ್ತಾರಂತೆ. ಬೆಳಿಗ್ಗೆ ಬಿಸಿ ಮಾಡದೆ ಒಮ್ಮೆಲೇ ರೈಸ್ ಕೊಟ್ಟರೆ ಪಿಸ್ಟನ್ ಬೇಗ ಹಿಗ್ಗುತ್ತೆ, ಸಿಲಿಂಡರ್ ಇನ್ನೂ ತಣ್ಣಗಿರುತ್ತೆ, ಅಲ್ಲೇ ಜಾಮ್. ಇದು ಮಾತ್ರ ಡಿಸೆಂಬರ್ ಬೆಳಗಿನ ತುಮಕೂರಿಗೂ ಅನ್ವಯ.

ನಮ್ಮ ಆರ್‌ಎಕ್ಸ್ ಮಾಡಿದ ಯಮಹಾದವರೇ 1968ರಿಂದ ಸ್ನೋಮೊಬೈಲ್ ಮಾಡುತ್ತಿದ್ದರು, ಈಗ 2025ರ ಮಾಡೆಲ್‌ಗೆ ಅದನ್ನು ನಿಲ್ಲಿಸಿದ್ದಾರೆ. ಮುಂದೆ ಪಾರ್ಟ್ಸ್ ಕಥೆ ಏನು ಅಂತ ಅಲ್ಲಿ ಕೆಲವರಿಗೆ ಚಿಂತೆಯಂತೆ. ಆರ್‌ಎಕ್ಸ್ 100 ನಿಂತಿದ್ದು 1996ರಲ್ಲಿ, ಪಿಸ್ಟನ್ ಇವತ್ತಿಗೂ ಸಿಗುತ್ತೆ ಅಂತ ಅವನಿಗೆ ಸಮಾಧಾನ ಹೇಳಿದೆ.

ಬಿಪಿ ಮಿಷನ್

ಟು ಸ್ಟ್ರೋಕ್ ಇಂಜಿನ್ ಎರಡು ಕಡೆ ಉಸಿರಾಡುತ್ತೆ. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಕ್ರ್ಯಾಂಕ್ ಇರುವ ಗೂಡು ಗಾಳಿ ಎಳೆದುಕೊಳ್ಳುತ್ತೆ, ಕೆಳಗೆ ಬಂದಾಗ ಅದನ್ನೇ ಅದುಮಿ ಮೇಲಕ್ಕೆ ಕಳಿಸುತ್ತೆ. ಆ ಗೂಡಿನಲ್ಲಿ ಎಲ್ಲಿ ಸಣ್ಣ ತೂತಿದ್ದರೂ ಕಾರ್ಬೊರೇಟರ್ ನೋಡದ ಗಾಳಿ ಒಳಗೆ ನುಗ್ಗುತ್ತೆ, ರೈಸ್ ಬಿಟ್ಟರೂ ಇಂಜಿನ್ ಇಳಿಯದಿದ್ದುದು ಅದಕ್ಕೇ. ಫೋರ್ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಸೀಲ್, ಅಂದ್ರೆ ತಿರುಗುವ ಕ್ರ್ಯಾಂಕ್ ದಂಡದ ಸುತ್ತ ಸೋರದ ಹಾಗೆ ಕೂರುವ ರಬ್ಬರ್ ಬಳೆ, ಹೋದರೆ ಆಯಿಲ್ ಸೋರಿ ನೆಲ ಗಲೀಜು, ಅಷ್ಟೇ. ಇಲ್ಲಿ ಪಿಸ್ಟನ್ನೇ ಹೋಗುತ್ತೆ.

ಸಡ್ಬರಿಯವನ ಹತ್ತಿರ ಲೀಕ್ ಟೆಸ್ಟಿಗೆ ಅಂತಲೇ ಕಿಟ್ ಇದೆ. ಸುಮಾರು ಆರು ಪಿಎಸ್‌ಐ ಗಾಳಿ ತುಂಬಿ ಮುಳ್ಳು ಇಳಿಯುತ್ತಾ ನೋಡೋದು. ಆರು ಪಿಎಸ್‌ಐ ತೋರಿಸುವ ಗೇಜ್ ಇಲ್ಲಿ ಯಾವ ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತೆ? ಟೈರ್ ಗೇಜಿನಲ್ಲಿ ಅದು ಕಣ್ಣಿಗೇ ಕಾಣಲ್ಲ. ಯೋಚನೆ ಮಾಡುತ್ತಾ ಕೂತಾಗ ಅಲ್ಮೇರಾ ಮೇಲೆ ಅಪ್ಪನ ಹಳೇ ಬಿಪಿ ಮಿಷನ್ ಕಂಡಿತು. ತೋಳಿಗೆ ಸುತ್ತುವ ಪಟ್ಟಿ ಹರಿದಿತ್ತು, ಬುರುಡೆ ಮತ್ತು ಮುಳ್ಳಿನ ಗೇಜು ಚೆನ್ನಾಗಿತ್ತು. ಅದರ ಗೇಜು 300ರವರೆಗೆ ಹೋಗುತ್ತೆ. 300 ಎಂಎಂ ಪಾದರಸ ಅಂದ್ರೆ 5.8 ಪಿಎಸ್‌ಐ. ಬೇಕಾದಷ್ಟೇ! ಪಂಪೂ ಅದರಲ್ಲೇ ಇದೆ.

ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಬಿಪಿ ಟ್ಯೂಬ್ ಕೂರಿಸಿ ಎಂ-ಸೀಲ್ ಮೆತ್ತಿದೆ. ಸೈಲೆನ್ಸರ್ ಬಾಯಿಗೆ ಮತ್ತು ಕಾರ್ಬೊರೇಟರ್ ಕೂರುವ ಬಾಯಿಗೆ ಹಳೇ ಲಾರಿ ಟ್ಯೂಬ್ ಕತ್ತರಿಸಿ, ಮೇಲೆ ಅಲ್ಯೂಮಿನಿಯಂ ಪಟ್ಟಿ ಇಟ್ಟು ಬೋಲ್ಟ್ ಬಿಗಿದೆ. ಸಿಲಿಂಡರ್ ಆಗಲೇ ಬಿಚ್ಚಿ ಕೂತಿದ್ದರಿಂದ ಹಳೇ ಪಿಸ್ಟನ್ನನ್ನೇ ವಾಪಸ್ ಹಾಕಿ ಎಲ್ಲ ಜೋಡಿಸಬೇಕಾಯ್ತು. ಬಿಚ್ಚೋಕೆ ಮುಂಚೆ ಈ ಟೆಸ್ಟ್ ಮಾಡಿದ್ದರೆ ಎರಡು ಗಂಟೆ ಉಳಿಯುತ್ತಿತ್ತು. ನೀವು ಮಾಡೋದಾದ್ರೆ ಮೊದಲೇ ಮಾಡಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಮೇಲು ಕೆಳಗು ಎರಡೂ ಒಂದೇ ಡಬ್ಬಿ ಆಗುತ್ತೆ.

280ಕ್ಕೆ ಏರಿಸಿ ಬಿಟ್ಟೆ. ಹತ್ತು ಸೆಕೆಂಡಿಗೆ ಮುಳ್ಳು 100ಕ್ಕೆ ಬಂತು.

ಸೋಪಿನ ನೀರು ಬ್ರಷ್ಷಿನಲ್ಲಿ ಹಚ್ಚುತ್ತಾ ಹೋದೆ. ಹೆಡ್ ಪ್ಯಾಕಿಂಗ್ ಹತ್ತಿರ ಏನಿಲ್ಲ. ಸಿಲಿಂಡರ್ ಕೆಳಗಿನ ಪ್ಯಾಕಿಂಗ್ ಹತ್ತಿರ ಒಂದೇ ಒಂದು ಗುಳ್ಳೆ, ಅದು ನಟ್ಟು ಬಿಗಿದ ಮೇಲೆ ನಿಂತಿತು. ಎಡಗಡೆ ಮ್ಯಾಗ್ನೆಟ್ ಕವರ್ ತೆಗೆದು ಅದರ ಹಿಂದೆ ನೀರು ಬಿಟ್ಟೆ ನೋಡಿ, ಮುದ್ದೆಗೆ ಇಟ್ಟ ಎಸರು ಕುದಿಯುವ ಹಾಗೆ ಗುಳುಗುಳು ಅಂತ ನೊರೆ ಬಂತು. ಅಪ್ಪನನ್ನು ಕೂಗಿದೆ. ಬಂದು ಬಗ್ಗಿ ನೋಡಿದರು. ‘ಇದಕ್ಕೆ ನನ್ನ ಮೇಲೆ ಆಯಿಲ್ ಕಳ್ಳ ಅಂತ ಹೊರಿಸಿದರಾ’ ಅಂದರು, ಹೋದರು.

ಮ್ಯಾಗ್ನೆಟ್ ಬಿಚ್ಚೋಕೆ ಪುಲ್ಲರ್ ಬೇಕು. ಇದನ್ನು ಸುತ್ತಿಗೆಯಲ್ಲಿ ಹೊಡೆದು ತೆಗೆಯುವವರಿದ್ದಾರೆ, ಕ್ರ್ಯಾಂಕ್ ತುದಿ ಹಾಳಾಗುತ್ತೆ, ದಯವಿಟ್ಟು ಬೇಡ. ಕಾಯಿಲ್ ಪ್ಲೇಟ್ ತೆಗೆಯುವ ಮುಂಚೆ ಅದು ಎಲ್ಲಿ ಕೂತಿತ್ತು ಅಂತ ಗೀರು ಹಾಕಿಕೊಂಡೆ, ಇಲ್ಲದಿದ್ದರೆ ಟೈಮಿಂಗ್ ಹೋಗುತ್ತೆ. ಹಿಂದೆ ಸೀಲ್ ಕಂಡಿತು. ಬಿಸ್ಕೆಟ್ ಹಾಗೆ ಗಟ್ಟಿ. ಅಂಚಿನಲ್ಲಿ ಸ್ಕ್ರೂಡ್ರೈವರ್ ಮೊನೆ ಬಡಿದ ಒಂದು ಕಚ್ಚು. 2016ರಲ್ಲಿ ಕನೆಕ್ಟಿಂಗ್ ರಾಡ್ ಹಾಕಿದಾಗ ಯಾರೋ ಅವಸರದಲ್ಲಿ ಕೂರಿಸಿದ್ದು ಇರಬೇಕು. ಯಾರು ಅಂತ ಹುಡುಕಿ ಜಗಳ ಮಾಡೋಕೆ ಈಗ ಅಂಗಡಿಯೂ ಇಲ್ಲ, ನನಗೆ ಪುರುಸೊತ್ತೂ ಇಲ್ಲ.

ಸೀಲಿಗೆ ಸಣ್ಣ ಸ್ಕ್ರೂ ತಿರುಗಿಸಿ ಇಕ್ಕಳದಲ್ಲಿ ಎಳೆದರೆ ಬಂತು. ಹೊಸದಕ್ಕೆ ಗ್ರೀಸ್ ಹಚ್ಚಿ, ಅದೇ ಅಳತೆಯ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿದೆ. ಮತ್ತೆ 280. ಐದು ನಿಮಿಷ ಆದ ಮೇಲೆ 270. ಕ್ಲಚ್ ಕಡೆ ಸೀಲಿಂದ ಏನೂ ಬರಲಿಲ್ಲ, ಗೇರ್ ಆಯಿಲ್ಲೂ ಕಮ್ಮಿ ಆಗಿಲ್ಲ. ಆ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ನಿಲ್ಲುತ್ತಲೇ ಇರಲಿಲ್ಲ. ಸದ್ಯಕ್ಕೆ ಅದನ್ನು ಮುಟ್ಟಲಿಲ್ಲ. ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಎಳೆದು ನೋಡಿದೆ, ಆಟ ಇಲ್ಲ. ಅದೊಂದು ಉಳಿಯಿತು.

ಬೋರಿಂಗ್

ತುಮಕೂರಿನಲ್ಲಿ ಒಂದು ಹಳೇ ಲೇತ್ ಅಂಗಡಿ. ಅಲ್ಲಿನ ಹಿರಿಯರು ಸಿಲಿಂಡರನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ ‘0.75 ಹೋಗುತ್ತೆ ಕಣಪ್ಪಾ, ಆಮೇಲೆ ಇನ್ನೊಂದೇ ಸಲ’ ಅಂದರು. ನಾನು ಪಿಸ್ಟನ್ ಜೊತೆಗೇ ತಂದಿದ್ದೆ. ಪಿಸ್ಟನ್ ಇಲ್ಲದೆ ಬೋರ್ ಮಾಡಿ ಅಂದ್ರೆ ಅವರು ಮಾಡೋದಿಲ್ಲ, ಒಳ್ಳೇ ಕೆಲಸಗಾರರ ಲಕ್ಷಣ ಅದು. ಪಿಸ್ಟನ್ನಿಗೂ ಗೋಡೆಗೂ ಎಷ್ಟು ಗ್ಯಾಪ್ ಬಿಡಲಿ ಅಂತ ಕೇಳಿದರು. ಒಂದೂವರೆಯಿಂದ ಎರಡು ತೌ (ಇಂಚಿನ ಸಾವಿರದ ಒಂದು ಭಾಗ) ಅಂದೆ. ‘ರೇಸ್‌ಗಾ, ಊರು ಓಡಾಡೋಕಾ?’ ಅಂದರು. ಊರು ಅಂದೆ. ತಲೆ ಆಡಿಸಿದರು.

ಸಂಜೆ ಸಿಲಿಂಡರ್ ಸಿಕ್ಕಿತು, ಒಳಗೆ ಕನ್ನಡಿ. ಆದ್ರೆ ಪೋರ್ಟುಗಳ, ಅಂದ್ರೆ ಸಿಲಿಂಡರ್ ಗೋಡೆಯ ಕಿಟಕಿಗಳ, ಅಂಚು ಬ್ಲೇಡಿನ ಹಾಗೆ ಚೂಪು. ಬೋರ್ ಆದ ಮೇಲೆ ಈ ಅಂಚುಗಳನ್ನು ಸ್ವಲ್ಪ ಸವರಲೇಬೇಕು, ಇಲ್ಲದಿದ್ದರೆ ರಿಂಗ್ ಹೋಗುತ್ತಾ ಬರುತ್ತಾ ಅದಕ್ಕೆ ತಗುಲಿ ಮುರಿಯುತ್ತೆ. ಸಣ್ಣ ಅರ, ಆಮೇಲೆ ಎಮರಿ ಪೇಪರ್, ಒಂದು ಗಂಟೆ ಹಿಡಿಯಿತು. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು. ಪೆಟ್ರೋಲಿನಲ್ಲಿ ತೊಳೆದರೆ ಹೋನಿಂಗ್ ಪುಡಿ, ಅಂದ್ರೆ ಗೋಡೆ ಉಜ್ಜಿ ನಯ ಮಾಡಿದಾಗ ಉಳಿದ ಪುಡಿ, ಪೂರ್ತಿ ಹೋಗಲ್ಲ. ಬಿಳಿ ಬಟ್ಟೆ ಒಳಗೆ ಉಜ್ಜಿದರೆ ಬಿಳಿಯಾಗೇ ಬರಬೇಕು, ನನಗೆ ನಾಲ್ಕನೇ ಸಲಕ್ಕೆ ಬಂತು. ಒಣಗಿದ ತಕ್ಷಣ ಟೂಟಿ ಆಯಿಲ್ ಸವರಿ, ಇಲ್ಲಾಂದ್ರೆ ಕಣ್ಣೆದುರೇ ತುಕ್ಕು.

ರಿಂಗನ್ನು ಬೋರಿಗೆ ಹಾಕಿ ತುದಿಗಳ ಗ್ಯಾಪ್ ನೋಡಿದೆ, 0.20 ಎಂಎಂ, ಸರಿ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗೆ. ರಿಂಗ್ ತುದಿಗಳು ಗ್ರೂವ್‌ನಲ್ಲಿರುವ ಸಣ್ಣ ಪಿನ್ನಿಗೆ ಕೂರಬೇಕು. ಇಲ್ಲಿ ಒಂದು ಎಡವಟ್ಟು. ಹಳೇ ಪಿಸ್ಟನ್ ತೆಗೆಯುವಾಗ ಕೆಳಗಿನ ಬಾಯಿಗೆ ಬಟ್ಟೆ ತುರುಕಿದ್ದೆ, ಆದ್ರೆ ಪೂರ್ತಿ ಮುಚ್ಚಿರಲಿಲ್ಲ. ಪಿಸ್ಟನ್ ಪಿನ್ ಜಾರದ ಹಾಗೆ ಹಿಡಿಯುವ ಸಣ್ಣ ತಂತಿ ಬಳೆ, ಸರ್ಕ್ಲಿಪ್, ಟಣ್ ಅಂತ ಹಾರಿತು. ಹೊಸದು ಕಿಟ್ಟಿನಲ್ಲೇ ಇತ್ತು, ಹಳೇದರ ಅಗತ್ಯವೇ ಇಲ್ಲ. ಆದ್ರೆ ಅದು ಇಂಜಿನ್ ಒಳಗೆ ಬಿದ್ದಿಲ್ಲ ಅಂತ ಗೊತ್ತಾಗಬೇಕಲ್ಲ! ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಶೆಡ್ಡಿನ ನೆಲವೆಲ್ಲ ಸವರಿದೆ. ಮೊಳೆ ಸಿಕ್ಕಿತು, ಕುಡಗೋಲಿನ ಚೂರು ಸಿಕ್ಕಿತು, ಅಮ್ಮನ ಕಳೆದುಹೋದ ಸೂಜಿ ಸಿಕ್ಕಿತು. ಕತ್ತಲಾಗುವ ಹೊತ್ತಿಗೆ ತೆಂಗಿನ ಸಿಪ್ಪೆ ರಾಶಿಯಲ್ಲಿ ಸರ್ಕ್ಲಿಪ್. ಆ ಒಂದು ಗಂಟೆಯಲ್ಲಿ ನಾನು ಬೇಡದ ದೇವರಿಲ್ಲ.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗೋದು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಬರೀ ಪೆಟ್ರೋಲ್ ಉರಿಯೋಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇದಕ್ಕೆ ಸುಮಾರು 13.5 ಸಾಕು. ಅಂದ್ರೆ 1993ರ ಜೆಟ್ಟಿನಲ್ಲಿ ಇದನ್ನು ಸುರಿದರೆ ಗಾಳಿ ಜಾಸ್ತಿಯಾಗಿ ಮಿಶ್ರಣ ತಾನಾಗೇ ತೆಳು. ಸೀಲ್ ಲೀಕ್ ಒಂದು ಕಡೆ, ಇದು ಇನ್ನೊಂದು ಕಡೆ. ಇಂಜಿನ್ ಸೀಜ್ ಮಾಡಿದ್ದು ಎಥನಾಲ್ ಅಂತ ನಾನು ಹೇಳಲ್ಲ, 2009ರಲ್ಲೂ 2016ರಲ್ಲೂ ಇಷ್ಟು ಬೆರೆಸುತ್ತಿರಲಿಲ್ಲವಲ್ಲ. ಆದ್ರೆ ಬೀಳುವ ಗೋಡೆಗೆ ಒಂದು ಕೈ ಕೊಟ್ಟಿರುತ್ತೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗಲಿ ಅಂತ ಮೇನ್ ಜೆಟ್ ಒಂದು ನಂಬರ್ ದಪ್ಪದ್ದು ಹಾಕಿದೆ, ಕಾರ್ಬೊರೇಟರ್ ಸೂಜಿಯ ಕ್ಲಿಪ್ ಒಂದು ಗೀರು ಕೆಳಗಿಟ್ಟೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ಹಳೇ ರಬ್ಬರನ್ನೂ ಹಿಗ್ಗಿಸುತ್ತೆ, ಅದಕ್ಕೆ ಪೆಟ್ರೋಲ್ ಪೈಪೂ ಹೊಸದು. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಿ ನಿಲ್ಲಿಸಿ. ಸ್ನೋಮೊಬೈಲಿನವರು ಬೇಸಿಗೆಗೆ ಗಾಡಿ ಮಲಗಿಸುವ ಮುಂಚೆ ಇದನ್ನೂ ಮಾಡುತ್ತಾರೆ, ಒಳಗೆ ತುಕ್ಕು ಹಿಡಿಯದ ಹಾಗೆ ಆಯಿಲ್ಲನ್ನೂ ಸಿಂಪಡಿಸುತ್ತಾರೆ. ನಾವು ಮೇಲೆ ಗೋಣಿಚೀಲ ಹೊದಿಸಿ ಕೈ ತೊಳೆದುಕೊಳ್ಳುತ್ತೇವೆ.

ಖರ್ಚು

ಪಿಸ್ಟನ್ ಕಿಟ್ 1,450. ಬೋರಿಂಗ್, ಹೋನಿಂಗ್ ಸೇರಿ 500. ಸೀಲ್ ಎರಡು, ತೊಂಬತ್ತರಂತೆ 180. ಪ್ಯಾಕಿಂಗ್ ಸೆಟ್ 220. ಪಿಸ್ಟನ್ ಪಿನ್ನಿನ ನೀಡಲ್ ಬೇರಿಂಗ್ 150. ಕಾರ್ಬೊರೇಟರ್ ಕಿಟ್ ಮತ್ತು ಜೆಟ್ 350. ಪೈಪ್ 60, ಪ್ಲಗ್ 120, ಪುಲ್ಲರ್ 250. ಒಟ್ಟು 3,280 ರೂಪಾಯಿ. ಗೂಡ್ಸ್ ಆಟೋ ಮತ್ತು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದರಲ್ಲಿ ಸೇರಿಲ್ಲ, ಇಡ್ಲಿಯನ್ನು ನಾನು ಮೇಂಟೆನೆನ್ಸ್ ಲೆಕ್ಕಕ್ಕೆ ಹಾಕುವುದಿಲ್ಲ.

ಟು ಸ್ಟ್ರೋಕ್ ನಂಬೋಕಾಗಲ್ಲ, ಖರ್ಚು ಜಾಸ್ತಿ ಅನ್ನುತ್ತಾರೆ. ಈ ಪಟ್ಟಿಯಲ್ಲಿ ಮೊದಲ ಎರಡು ಸಾಲು, ಅಂದ್ರೆ 1,950 ರೂಪಾಯಿ, ತೊಂಬತ್ತು ರೂಪಾಯಿ ಸೀಲ್ ಹಳೇದಾಗಿದ್ದಕ್ಕೆ ಕಟ್ಟಿದ ದಂಡ. 2009ರಲ್ಲೂ ಇದೇ ಸೀಲೇ ಕಾರಣವಾ ಅಂತ ಸಾಬೀತು ಮಾಡೋಕಾಗಲ್ಲ, 2016ರ ಸೀಲಿನ ಕಚ್ಚು ಆಮೇಲಿನದು. ಆದ್ರೆ ಎರಡು ಸಲವೂ ಯಾರೂ ಹುಡುಕಲಿಲ್ಲ ಅನ್ನೋದಕ್ಕೆ ಅಪ್ಪನ ನೋಟ್‌ಬುಕ್ಕೇ ಸಾಕ್ಷಿ. ತಮ್ಮನಿಗೂ ಹಾಗೇ ಆಯ್ತು. ಅವನಿಗೆ ಮಾರಿದವರು ಹೊಸ ಪಿಸ್ಟನ್ ಹಾಕಿಸಿ, ಬಿಲ್ಲೂ ತೋರಿಸಿ, ಇಂಜಿನ್ ಹೊಸದು ಅಂತ ಮಾರಿದ್ದರು. ಸೀಲ್ ಹಳೇದೇ ಇತ್ತು.

ಓಡಿಸಿ ನೋಡಿದ್ದು

ಮೊದಲ ದಿನ ಓಡಿಸಲಿಲ್ಲ. ಸ್ಟಾರ್ಟ್ ಮಾಡಿ, ಐದು ನಿಮಿಷ ಬಿಟ್ಟು, ಆಫ್ ಮಾಡಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ. ಹೀಗೆ ಮೂರು ಸಲ. ಕೊನೆಗೆ ಹೆಡ್ ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಇನ್ನೊಮ್ಮೆ ಬಿಗಿದೆ. ರೈಸ್ ಬಿಟ್ಟ ತಕ್ಷಣ ಇಂಜಿನ್ ತಗ್ಗುತ್ತೆ, ಟಣ ಟಣ ಟಣ. ಈ ಸದ್ದು ಕೇಳಿ ಪಕ್ಕದ ತೋಟದವರು ‘ಎದ್ದಿತಾ?’ ಅಂತ ಬೇಲಿ ಆಚೆಯಿಂದಲೇ ಕೇಳಿದರು.

ಐನೂರು ಕಿಲೋಮೀಟರ್ ತನಕ ಲೀಟರ್‌ಗೆ 40 ಎಂಎಲ್ ಟೂಟಿ ಆಯಿಲ್, ವೇಗ ಐವತ್ತು ದಾಟಿಸಲಿಲ್ಲ. ಈಗ ಆಯಿಲ್ 30ಕ್ಕೆ ಇಳಿಸಿದ್ದೇನೆ. ಹೋದ ವಾರ ಊರ್ಡಿಗೆರೆ ಕಡೆಯಿಂದ ದೇವರಾಯನದುರ್ಗದ ಘಾಟಿ ಹತ್ತಿಸಿದೆ, ಹಿಂದೆ ಅಪ್ಪ ಕೂತಿದ್ದರು, ಎರಡನೇ ಗೇರಿನಲ್ಲಿ ಒಂದೇ ಸಮ ಎಳೆಯಿತು. ಮೇಲೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ಬೇಯಿಸಿ ಒಣಗಿಸಿದ ಕೆಂಪಡಿಕೆ ಬಣ್ಣ. ಪ್ಲಗ್ಗಿಗೆ ಇದಕ್ಕಿಂತ ಒಳ್ಳೇ ಬಣ್ಣ ಇಲ್ಲ. ಫೋಟೋ ತೆಗೆದು ಸಡ್ಬರಿಗೆ ಕಳಿಸಿದೆ. ಅವನ ಗಾಡಿಗೆ ಸೀಲ್ ಬಂದಿದೆ, ಆದ್ರೆ ಅವನದ್ದಕ್ಕೆ ಇಂಜಿನ್ ಕೆಳಗಿಳಿಸಿ ಎರಡು ಹೋಳು ಮಾಡಲೇಬೇಕಂತೆ. ಹಿಮ ಕರಗುವುದರೊಳಗೆ ಮುಗಿಸುತ್ತಾನೋ ಇಲ್ಲವೋ ನೋಡಬೇಕು.

ಎರಡನೇ ಸೀಲ್ ಡ್ರಾಯರಿನಲ್ಲಿದೆ. ಮೂರನೇ ಗೇರಿನಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದೊಂದಿದೆ. ಮಳೆಗಾಲದಲ್ಲಿ ಕ್ಲಚ್ ಕವರ್ ಬಿಚ್ಚಿದಾಗ ಎರಡನ್ನೂ ಒಟ್ಟಿಗೆ ನೋಡುತ್ತೇನೆ.